ಕೊಪ್ಪಳದ ಬಿಸಿಲಲ್ಲಿ ಇಂಜಿನ್ನಿಗೆ ಚಳಿ

೧

"ಲೇ ಹೊನ್ನೂರಾ, ಒಂಬತ್ತನೇ ಕ್ಲಾಸು ದಾಟಾಕ ಆಗಲಿಲ್ಲ ನಿನಗ, ನನಗ ಇಂಜಿನ್ ಪಾಠ ಮಾಡ್ತೀಯೇನು? ಹೋಗು, ಕಥಿ ಬರ್ಕೋಂತ ಕುಂದ್ರು. ನಿನ್ನ ಕೈ ಹತ್ತಿದ ಗಾಡಿ ಕಥಿಯೊಳಗಷ್ಟ ಓಡತೈತಿ."

ಕಥೆಯನ್ನು ಹೀಗೆ ಶುರು ಮಾಡಬಹುದೇ? ಮಾಡಬಾರದು ಎಂದು ಬಲ್ಲವರು ಹೇಳುತ್ತಾರೆ. ಮೊದಲು ಊರು ತೋರಿಸಬೇಕಂತೆ. ಆಮೇಲೆ ಬೆಳಗಾಗಬೇಕಂತೆ. ಒಂದು ಹಕ್ಕಿಯಾದರೂ ಕೂಗಬೇಕಂತೆ. ಬೈಗುಳ ಬರುವಷ್ಟರಲ್ಲಿ ಬೈಸಿಕೊಳ್ಳುವವನ ಮೇಲೆ ಓದುಗರಿಗೆ ಒಂದಿಷ್ಟು ಪ್ರೀತಿ ಹುಟ್ಟಿರಬೇಕಂತೆ. ನನಗೆ ಅಷ್ಟು ಪುರುಸೊತ್ತನ್ನು ಯಾರೂ ಕೊಡಲಿಲ್ಲ. ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಕೊಪ್ಪಳದ ಕುಷ್ಟಗಿ ರಸ್ತೆಯ ಗ್ಯಾರೇಜಿನಲ್ಲಿ, ನಾನು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದಾಗ ಇದು ಬೆನ್ನ ಹಿಂದಿನಿಂದ ಬಂತು. ಹಕ್ಕಿ ಇರಲಿಲ್ಲ. ಕಂಪ್ರೆಸರ್ ಇತ್ತು.

(ಹಕ್ಕಿ ಬೇಕೇ ಬೇಕು ಅನ್ನುವವರು ಕಂಪ್ರೆಸರ್ ಎಂದು ಇರುವಲ್ಲಿ ಹಕ್ಕಿ ಎಂದು ಓದಿಕೊಳ್ಳಿ. ನನ್ನದೇನೂ ತಕರಾರಿಲ್ಲ.)

ಬೈದವರು ನಮ್ಮ ಉಸ್ತಾದ್ ಮರ್ದಾನಸಾಬರು, ಗ್ಯಾರೇಜಿನ ಮಾಲೀಕರು. ಬೈಸಿಕೊಂಡವನು ನಾನು, ಹೊನ್ನೂರಪ್ಪ. ವಯಸ್ಸು ಇಪ್ಪತ್ನಾಲ್ಕು, ಅದರಲ್ಲಿ ಹತ್ತು ವರ್ಷ ಇದೇ ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿ ಕಳೆದಿದ್ದೇನೆ. ಕೇಳಿಸಿಕೊಂಡವರು ಏಳು ಜನ. ಗಾಡಿಯ ಒಡತಿಯೂ ಡ್ರೈವರೂ ಆದ ಶೇಖರಮ್ಮ, ಅವರ ಗಾಡಿಯಲ್ಲಿ ದಿನಾ ಇರಕಲ್ಲಗಡದ ಆಚೆಯ ಶಾಲೆಗೆ ಹೋಗುವ ಐವರು ಮಾಸ್ತರರು, ಪಕ್ಕದ ಚಹಾದಂಗಡಿಯ ಲಾಲಬೀ. ಮಾಸ್ತರರಲ್ಲಿ ಹಿರಿಯರು ಅಂದಪ್ಪ ಸರ್. ಎಂಟನೇ ಕ್ಲಾಸಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಮೊದಲು ನಕ್ಕವರೂ ಅವರೇ.

"ಅಂವ ಸಾಲ್ಯಾಗೂ ಹಿಂಗ ಇದ್ದ ಸಾಬ್ರ. ಉತ್ತರ ಗೊತ್ತಿರ್ತಿದ್ದಿಲ್ಲ, ಕೈ ಮಾತ್ರ ಎಲ್ಲಾರ್ಕಿಂತ ಮೊದ್ಲ ಎತ್ತಾಂವ."

ಐವರೂ ನಕ್ಕರು. ಲಾಲಬೀ ಸೋಸುತ್ತಿದ್ದ ಚಹಾ ಚೆಲ್ಲುವಷ್ಟು ನಕ್ಕಳು. ಶೇಖರಮ್ಮ ಮಾತ್ರ ನಗಲಿಲ್ಲ. ನನ್ನ ಮೇಲಿನ ಕರುಣೆಯಿಂದೇನೂ ಅಲ್ಲ. ಅವರು ಇಂಜಿನ್ನಿನ ಸದ್ದು ಕೇಳುತ್ತಿದ್ದರು.

೨

ನಾನು ಹೇಳಿದ್ದಾದರೂ ಏನು? "ಉಸ್ತಾದ್ರ, ಈ ಗಾಡಿಗೆ ವಾಲ್ವ್ ಹಾಕೂಣ್ರಿ." ಇಷ್ಟೇ. ಇದರಲ್ಲಿ ಒಂಬತ್ತನೇ ಕ್ಲಾಸು ಎಲ್ಲಿಂದ ಬಂತೋ ದೇವರೇ ಬಲ್ಲ.

ಇಲ್ಲಿ ಸ್ವಲ್ಪ ತಾಂತ್ರಿಕ ವಿವರಣೆ. ಬೇಜಾರಾದರೆ ಹಾರಿಸಿ, ಆದರೆ ಆಮೇಲೆ ಏನೂ ತಿಳಿಯಲಿಲ್ಲ ಎಂದು ನನ್ನ ಹತ್ತಿರ ಬರಬೇಡಿ. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಅಂಗೈಯಗಲದ ವಾಲ್ವ್ ಇರುತ್ತದೆ. ಅದರ ಹೊಟ್ಟೆಯಲ್ಲಿ ಮೇಣ. ಇಂಜಿನ್ ಹದವಾಗಿ ಕಾಯುವವರೆಗೆ ಅದು ಬಾಗಿಲು ಹಾಕಿಕೊಂಡಿರುತ್ತದೆ, ನೀರನ್ನು ತಣ್ಣಗಾಗಲು ಬಿಡುವುದಿಲ್ಲ. ಕಾದ ಮೇಲೆ ಮೇಣ ಉಬ್ಬಿ ಬಾಗಿಲು ತೆರೆಯುತ್ತದೆ, ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ಇಷ್ಟೇ ಅದರ ಕೆಲಸ. ಸಂಬಳವಿಲ್ಲ, ರಜೆಯಿಲ್ಲ, ಬಯೋಮೆಟ್ರಿಕ್ ಇಲ್ಲ.

ನಮ್ಮ ಉಸ್ತಾದರಿಗೆ ಈ ವಾಲ್ವ್ ಕಂಡರೆ ಆಗುವುದಿಲ್ಲ. ಯಾವ ಗಾಡಿಯೇ ಬರಲಿ, ಒಂದು ಸಲ ಬಿಸಿಯಾಯಿತು ಎಂದರೆ ಸಾಕು, ವಾಲ್ವ್ ಕಿತ್ತು ಹೊರಗೆ. "ಕೊಪ್ಪಳದ ಬಿಸಲಾಗ ಇಂಜಿನ್ನಿಗೆ ಚಳಿ ಹತ್ತತೈತೇನಲೇ?" ಇದು ಅವರ ಸಿದ್ಧಾಂತ. ಕಿತ್ತದ್ದನ್ನು ಎಸೆಯುವುದೂ ಇಲ್ಲ. ಗೋಡೆಯುದ್ದಕ್ಕೂ ಒಂದು ತಂತಿ ಕಟ್ಟಿ, ಮೂವತ್ತು ವರ್ಷಗಳಲ್ಲಿ ಕಿತ್ತ ವಾಲ್ವ್‌ಗಳನ್ನೆಲ್ಲ ಗಾಡಿ ನಂಬರಿನ ಚೀಟಿ ಸಮೇತ ಪೋಣಿಸಿದ್ದಾರೆ. ಯಲಬುರ್ಗಾದ ಗಾಡಿ, ಗಂಗಾವತಿಯ ಗಾಡಿ, ತಾವರಗೇರಾದ ಗಾಡಿ, ಎಲ್ಲವೂ ಪಕ್ಕಪಕ್ಕದಲ್ಲಿ. ಹೊಸ ಗಿರಾಕಿ ಬಂದರೆ ಅದರ ಕೆಳಗೇ ಕುರ್ಚಿ ಹಾಕುತ್ತಾರೆ. ಬೇಟೆಗಾರನ ಮನೆಯಲ್ಲಿ ಜಿಂಕೆಯ ತಲೆ ಇರುತ್ತದಲ್ಲ, ಹಾಗೆ.

ವಾಲ್ವ್ ಇಲ್ಲದ ಇಂಜಿನ್ ಕುದಿಯುವುದಿಲ್ಲ, ನಿಜ. ಆದರೆ ಸರಿಯಾಗಿ ಕಾಯುವುದೂ ಇಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಆಯಿಲ್ಲಿಗೆ ಇಳಿಯುತ್ತದೆ, ಆಯಿಲ್ ಕರೀ ಅಂಬಲಿಯಾಗುತ್ತದೆ. ಹೊಸ ಇಂಜಿನ್ ಇದನ್ನು ತಡೆದುಕೊಳ್ಳುತ್ತದೆ. ಶೇಖರಮ್ಮನ ಗಾಡಿ ನಾಲ್ಕು ಲಕ್ಷ ಮೂವತ್ತೆಂಟು ಸಾವಿರ ಕಿಲೋಮೀಟರ್ ಓಡಿದೆ. ಅಂದರೆ, ಮೀಟರು ಅಲ್ಲಿಗೆ ಸಾಕು ಎಂದು ನಿಂತು ಎರಡು ವರ್ಷವಾಯಿತು. ಗಾಡಿ ನಿಂತಿಲ್ಲ. ಹೊಗೆ ಜಾಸ್ತಿ, ಡೀಸೆಲ್ ಜಾಸ್ತಿ, ಬೆಳಗಿನ ಹೊತ್ತು ಎಳೆತ ಕಮ್ಮಿ.

(ಕಂಪನಿ ಯಾವುದು ಎಂದು ಕೇಳಬೇಡಿ. ಬಿಳಿ ಬಣ್ಣ, ಏಳು ಸೀಟು, ಡೀಸೆಲ್. ಸಾಕು. ನೀವು ಕಥೆ ಓದುತ್ತಿದ್ದೀರೋ ಗಾಡಿ ಕೊಳ್ಳುತ್ತಿದ್ದೀರೋ?)

ನನಗೆ ಇದೆಲ್ಲ ಹೇಗೆ ಗೊತ್ತು? ಓದಿ. ಒಂಬತ್ತನೇ ಕ್ಲಾಸು ಬಿಟ್ಟವನು ಓದುವುದಿಲ್ಲ ಎಂದು ನೀವೂ ಅಂದುಕೊಂಡಿದ್ದರೆ, ಆ ಐವರ ಜೊತೆ ಆರನೆಯವರಾಗಿ ಒಂದು ಸಲ ನಕ್ಕುಬಿಡಿ. ನಾನು ಕಾಯುತ್ತೇನೆ.

ಆಯಿತೇ? ಮುಂದೆ ಹೋಗೋಣ.

೩ (ಹರಿದು ಹಾಕಿದ್ದು)

"ಹೊನ್ನೂರಪ್ಪ ನಿಧಾನವಾಗಿ ತಲೆ ಎತ್ತಿದ. ಅವನ ಕಣ್ಣಲ್ಲಿ ಕೆಂಡವಿತ್ತು. 'ಉಸ್ತಾದರೇ, ಜ್ಞಾನಕ್ಕೆ ತರಗತಿಗಳಿಲ್ಲ' ಎಂದ. ಗ್ಯಾರೇಜು ಸ್ತಬ್ಧವಾಯಿತು. ಅಂದಪ್ಪ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು."

ಥೂ.

ನಾನು ನಿಜವಾಗಿ ಹೇಳಿದ್ದು "ಹದಿನೇಳರ ಪಾನಾ ಎಲ್ಲೈತ್ರಿ?" ಎಂದು. ಆ ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.

ಇದನ್ನು ಬರೆಯುವಾಗ ಉಸ್ತಾದರು ಕಥೆಯೊಳಗಿಂದಲೇ ಇಣುಕಿದರು.

"ಏನಲೇ, ನನ್ನ ಕೆಟ್ಟಾಂವನ್ನ ಮಾಡಾಕ ಹತ್ತೀಯಲ್ಲ?"

"ಇಲ್ರಿ ಉಸ್ತಾದ್ರ. ಮುಂದ ನಿಮಗ ಒಂದ್ ಛಲೋ ಮಾತು ಕೊಡ್ತೀನ್ರಿ."

"ನೀ ಏನ್ ಕೊಡ್ತೀಯೋ ಭಿಕ್ಷಾ! ನಾನ ಹೇಳ್ತೀನಿ, ಬರ್ಕೋ. ಮೂವತ್ತ ವರ್ಷ ಆತು. ಮರ್ದಾನಸಾಬನ ಕೈಯಾಗ ವಾಲ್ವ್ ಕಿತ್ತಿಸಿದ ಗಾಡಿ ಒಂದಾದ್ರೂ ರಸ್ತೇದಾಗ ಕುದ್ದು ನಿಂತೈತೇನು? ಕೇಳು ಊರನ್ನ."

ಕೇಳಿದೆ. ನಿಂತಿಲ್ಲ. ಇದು ನನ್ನ ಕಥೆಯ ದೊಡ್ಡ ತೊಂದರೆ. ಖಳನಾಯಕ ಸುಳ್ಳು ಹೇಳುವುದಿಲ್ಲ.

೪

ಶೇಖರಮ್ಮನನ್ನು ವರ್ಣಿಸುವುದು ಹೇಗೆ? ಮೊದಲ ಡ್ರಾಫ್ಟಿನಲ್ಲಿ ಅವರಿಗೆ ಒಂದು ನಿಟ್ಟುಸಿರು, ಹರಿದ ಸೆರಗು, ಹಣೆಯ ಮೇಲೆ ಬೆವರು ಎಲ್ಲ ಕೊಟ್ಟಿದ್ದೆ. ಪತ್ರಿಕೆಯವರಿಗೆ ಅದು ಇಷ್ಟವಾಗುತ್ತದೆ. ಶೇಖರಮ್ಮ ಓದಿದ್ದರೆ ಜಾಕ್ ರಾಡ್ ತಗೊಂಡು ಬರುತ್ತಿದ್ದರು.

"ನನ್ನ ಬಡವಿ ಮಾಡೀಯೇನೋ ಹೊನ್ನೂರಾ?"

"ಬರದದ್ದು ಹೊಡದ್ ಹಾಕೀನ್ರಿ ಅಕ್ಕಾರ."

"ಛಲೋ ಮಾಡಿದಿ. ನನ್ನ ಸೀರಿ ಬಿಡು, ನನ್ನ ಇಂಜಿನ್ ಬಗ್ಗೆ ಬರಿ."

ಸರಿ, ಬರೆಯುತ್ತೇನೆ. ಗಂಡ ಕಲ್ಲೇಶಪ್ಪ ಹದಿನಾಲ್ಕು ವರ್ಷ ಓಡಿಸಿದ ಗಾಡಿ. ಅವರ ಬೆನ್ನಿನ ಮಣಿ ಸರಿದ ಮೇಲೆ ಐದು ವರ್ಷದಿಂದ ಇವರ ಕೈಯಲ್ಲಿದೆ. ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಆಯಿಲ್ ಕಡ್ಡಿ ಎಳೆದು, ಹಳೇ ಕುಪ್ಪಸದ ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡುತ್ತಾರೆ. ಚಾಲೂ ಮಾಡಿದ ಮೇಲೆ ನೂರಾ ಒಂದು ಎಣಿಸುವವರೆಗೆ ಎಕ್ಸಲರೇಟರ್ ಮುಟ್ಟುವುದಿಲ್ಲ. ಮಾಸ್ತರರು ಗಡಿಯಾರ ನೋಡಿಕೊಂಡರೂ ಅಷ್ಟೇ, ಕೆಮ್ಮಿದರೂ ಅಷ್ಟೇ. ಶಾಲೆ ಮುಟ್ಟಿದ ಮೇಲೆ ಅವರೆಲ್ಲ ಇಳಿದು ಹೋದರೂ ಇವರು ಇನ್ನೂ ಒಂದು ನೂರಾ ಒಂದು ಎಣಿಸಿಯೇ ಗಾಡಿ ಬಂದ್ ಮಾಡುವುದು. ಓಡಿ ಬಂದವರನ್ನು ಕೂಡಲೇ ಮಲಗಿಸಬಾರದು ಎಂದು ಅವರ ನಂಬಿಕೆ. ರೇಡಿಯೋ ಇಲ್ಲ. ಇತ್ತು, ಕಿತ್ತರು. ಇಂಜಿನ್ ಕೇಳಿಸುವುದಿಲ್ಲವಂತೆ.

ಇನ್ನು ಈ ಕಥೆಯಲ್ಲಿ ಪಣಕ್ಕಿರುವುದು ಏನು ಎಂದು ಕೇಳುತ್ತೀರಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಸೋಮವಾರ ನಗು ಮುಗಿದ ಮೇಲೆ ಅಂದಪ್ಪ ಸರ್ ಗಾಡಿ ಹತ್ತುತ್ತ ಹೇಳಿದರು:

"ನೋಡವಾ ಶೇಖರಮ್ಮ, ಹತ್ತಕ್ಕ ಸಾಲ್ಯಾಗ ಹಾಜರಿಗೆ ಮೊಬೈಲಿನ್ಯಾಗ ಮಾರಿ ತೋರಿಸಬೇಕು ನಾವು. ತಿಂಗಳದಾಗ ಎರಡ ಸಲ ತಡಾ ಆಗೈತಿ. ಇನ್ನೊಂದ್ ಸಲ ದಾರ್ಯಾಗ ನಿಂತ್ರ, ಮುಂದಿನ ಸೋಮವಾರದಿಂದ ಬ್ಯಾರೆ ಗಾಡಿ. ಮನಸಿಗೆ ಹಚ್ಕೋಬ್ಯಾಡ."

ಮಾಸ್ತರರ ಗಾಡಿ ಎಂದು ಹೆಸರಾದ ಗಾಡಿ ಅದು. ಮಾಸ್ತರರು ಇಳಿದರೆ ಅದನ್ನು ಹತ್ತುವವರು ಬೇರೆ ಯಾರೂ ಇಲ್ಲ. ಇಷ್ಟು ಹಳೆಯ ಗಾಡಿಯನ್ನು ಹೊಸಬರು ಯಾರು ನಂಬುತ್ತಾರೆ? ಶೇಖರಮ್ಮ ಸ್ಟೇರಿಂಗ್ ಹಿಡಿದರು. ನೂರಾ ಒಂದು ಎಣಿಸಿ ಗೇರ್ ಹಾಕಿದರು.

೫

ಬುಧವಾರ ಉಸ್ತಾದರು ತಂಗಿಯ ಮಗಳು ನಾಹೀದಾಳ ನಿಶ್ಚಿತಾರ್ಥಕ್ಕೆಂದು ಗಂಗಾವತಿಗೆ ಹೋದರು. ಕಥೆಗಾರನಿಗೆ ಇಂಥ ನಿಶ್ಚಿತಾರ್ಥಗಳು ಬಹಳ ಉಪಯೋಗಕ್ಕೆ ಬರುತ್ತವೆ.

ನಾನು ಸ್ಟೂಲ್ ಹತ್ತಿದೆ. ತಂತಿಯ ಮೇಲೆ ಶೇಖರಮ್ಮನ ಗಾಡಿಯ ನಂಬರ್ ಹುಡುಕಿದೆ. ಹನ್ನೊಂದು ವರ್ಷದ ಹಿಂದೆ ಕಲ್ಲೇಶಪ್ಪನವರು ಓಡಿಸುತ್ತಿದ್ದಾಗ ಕಿತ್ತ ವಾಲ್ವ್ ಅಲ್ಲೇ ಇತ್ತು, ಧೂಳು ತಿಂದುಕೊಂಡು. ಬಿಚ್ಚಿಕೊಂಡೆ. ಎರಡು ವಾಲ್ವ್‌ಗಳ ನಡುವೆ ಬಾಯಿಯಲ್ಲಿ ಹಲ್ಲು ಬಿದ್ದಂತೆ ಒಂದು ಖಾಲಿ ಜಾಗ ಉಳಿಯಿತು. ಯಾರು ನೋಡುತ್ತಾರೆ ಎಂದುಕೊಂಡೆ.

ಹಳೇ ವಾಲ್ವ್ ಜೀವಂತವಿದೆಯೋ ಇಲ್ಲವೋ ನೋಡುವ ದಾರಿ ಒಂದೇ, ನೀರಿನಲ್ಲಿ ಕುದಿಸಬೇಕು. ಲಾಲಬೀಯ ಅಂಗಡಿಗೆ ಹೋದೆ.

"ಏನೋ ಅದು, ಕಪ್ಪಿಚಿಪ್ಪಿ ತಂದಂಗ ತಂದೀದಿ?"

"ಒಂದ್ ಭಾಂಡಿ ಬಿಸಿನೀರ್ ಕೊಡು ಲಾಲಬೀ. ಜಗತ್ತು ಬದಲಾಗೋದೈತಿ."

"ಜಗತ್ತ್ ಆಮ್ಯಾಲ ಬದಲಿ ಮಾಡಂತಿ. ಈ ಭಾಂಡಿ ತಿಕ್ಕಿ ಕೊಡಬೇಕು. ನಮ್ಮ ಬೋರಿನ ನೀರು ಸುಣ್ಣಾ ಬಳದಂಗ ಬಳೀತಾವ. ಹುಣಚಿಹಣ್ಣ ಹಾಕಿ ಕುದಿಸಿದ್ರೂ ಬಿಡಂಗಿಲ್ಲ, ನೋಡಿಲ್ಲಿ."

ನೋಡಿದೆ. ಪಾತ್ರೆಯ ಒಳಗೆ ಎರಡು ಪದರ ಬಿಳಿ ಗಾರೆ. "ಹ್ಞೂಂ" ಎಂದೆ.

(ಓದುಗರೇ, ಈ ಪಾತ್ರೆಯನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ನೀರು ಕುದಿಯುವ ಮುಂಚೆ ವಾಲ್ವ್ ಬಾಯಿ ಬಿಟ್ಟಿತು. ಹನ್ನೊಂದು ವರ್ಷ ತಂತಿಗೆ ನೇತಾಡಿದ ಮೇಲೂ ಮೇಣ ಮರೆತಿರಲಿಲ್ಲ. ತಣ್ಣೀರಿಗೆ ಹಾಕಿದೆ, ಮುಚ್ಚಿಕೊಂಡಿತು. ನನಗೆ ಆದ ಖುಷಿ ಹೇಳಿದರೆ ನಗುತ್ತೀರಿ. ಕುಣಿಯಬೇಕು ಅನ್ನಿಸಿತು. ಲಾಲಬೀ ಕೂಡ ಬಗ್ಗಿ ನೋಡಿ "ಹಾಯ್, ಮೀನ್ ಬಾಯಿ ಬಿಟ್ಟಂಗ ಬಿಡತೈತಲ್ಲೋ" ಎಂದಳು.

ಮಧ್ಯಾಹ್ನ ಶೇಖರಮ್ಮ ಗಾಡಿ ತಂದರು. ಅರ್ಧ ಗಂಟೆಯಲ್ಲಿ ವಾಲ್ವ್ ಕೂರಿಸಿದೆ.

"ಸಾಬ್ರು ಬ್ಯಾಡ ಅಂದಿದ್ರಲ್ಲೋ ಸೋಮಾರ?"

"ಉಸ್ತಾದ್ರ ಹೇಳ್ಯಾರ್ರಿ ಅಕ್ಕಾರ. ಹಾಕು ಅಂದಾರ."

ಇದನ್ನು ಹೇಳುವಾಗ ನನ್ನ ನಾಲಿಗೆ ಒಂದು ಚೂರೂ ತಡವರಿಸಲಿಲ್ಲ. ಕಥೆ ಬರೆಯುವವನಿಗೆ ಇರುವ ಏಕೈಕ ಲಾಭ ಇದು. ಶೇಖರಮ್ಮ ನಂಬಿದರು. ನನ್ನ ಮಾತನ್ನಲ್ಲ, ಉಸ್ತಾದರ ಹೆಸರನ್ನು.

ಇನ್ನೊಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಲಸ ಮಾಡುತ್ತಿರಲಿಲ್ಲ. ಅದರ ವೈರನ್ನು ಉಸ್ತಾದರೇ ಎಂದೋ ಕತ್ತರಿಸಿದ್ದರು. "ಮುಳ್ಳು ಮ್ಯಾಲ ಹೋದ್ರ ಗಿರಾಕಿ ಹೆದರತಾನ. ಹೆದರಿದ ಗಿರಾಕಿ ಬ್ಯಾರೆ ಗ್ಯಾರೇಜಿಗೆ ಹೋಗತಾನ." ಆ ವೈರು ಜೋಡಿಸಲು ಹತ್ತು ನಿಮಿಷ ಸಾಕಿತ್ತು. ನಾಳೆ ನೋಡೋಣ ಎಂದು ಬಿಟ್ಟೆ.

ಸಂಜೆ ಐದಕ್ಕೆ ಉಸ್ತಾದರು ಗಂಗಾವತಿಯಿಂದ ಬಂದರು, ಹೊಸ ಅಂಗಿಯ ಮೇಲೆ ಅತ್ತರಿನ ವಾಸನೆ. ಚಹಾ ಹಿಡಿದುಕೊಂಡು ತಂತಿಯ ಕೆಳಗೆ ಸುಮಾರು ಹೊತ್ತು ನಿಂತರು. ನಾನು ಒರೆಸಿದ ಪಾನಾವನ್ನೇ ಮತ್ತೆ ಒರೆಸುತ್ತಿದ್ದೆ. ಕಡೆಗೆ ಅವರು ಹೇಳಿದ್ದು ಇಷ್ಟೇ:

"ನಾ ಬಾಗಲಾ ಹಾಕ್ತೀನಿ. ನೀ ಮನಿಗೆ ಹೋಗು."

೫ (ಮತ್ತೆ ಐದು. ಮೀಟರು ನಿಂತ ಗಾಡಿಯ ಕಥೆಯಲ್ಲಿ ನಂಬರುಗಳು ಸರಿಯಾಗಿರಬೇಕೇ?)

ಇಲ್ಲಿ ಕಥೆ ನಿಲ್ಲಿಸಬಹುದು. ಎರಡನೆಯ ಡ್ರಾಫ್ಟಿನಲ್ಲಿ ನಿಲ್ಲಿಸಿದ್ದೆ. ಗಾಡಿ ಕುದುರೆಯ ಹಾಗೆ ಓಡಿತು, ಹೊಗೆ ಮಾಯವಾಯಿತು, ಅಂದಪ್ಪ ಸರ್ ಶಾಲೆಯಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡರು, ಏಪ್ರಿಲ್ ತಿಂಗಳಲ್ಲಿ ಶಾಲು ಹೊದಿಸಿದರು. ಶಾಲಿನೊಳಗೆ ಬೆವೆಯುತ್ತ ನಾನು ಥರ್ಮೋಸ್ಟಾಟ್ ಕುರಿತು ಭಾಷಣ ಮಾಡಿದೆ.

ಇದನ್ನು ಓದಿದ ಲಾಲಬೀಯ ಪ್ರತಿಕ್ರಿಯೆ: "ಕುದುರಿ ಹಂಗ ಓಡಿತ್ತಾ? ಮತ್ತ ಗುರುವಾರ ಟ್ರ್ಯಾಕ್ಟರ್ ಎಳಕೊಂಡ ಬಂದಿದ್ದೇನು, ಕುದುರಿಯೋ ಕತ್ತಿಯೋ?"

ಆಯಿತು. ಬರೆಯುತ್ತೇನೆ.

೬

ಗುರುವಾರ. ಇರಕಲ್ಲಗಡ ದಾಟಿದ ಮೇಲೆ ಒಂದು ಏರು. ಗಾಡಿಯಲ್ಲಿ ಐವರು ಮಾಸ್ತರರು, ಗಂಟೆ ಒಂಬತ್ತು ನಲವತ್ತು. ಮುಳ್ಳು ಎಂದಿನಂತೆ ಸೊನ್ನೆಯಲ್ಲಿ ನಿದ್ದೆ ಮಾಡುತ್ತಿತ್ತು. ಶೇಖರಮ್ಮ ಥಟ್ಟನೆ ಗಾಡಿಯನ್ನು ಪಕ್ಕಕ್ಕೆ ತೆಗೆದು ಬಂದ್ ಮಾಡಿದರು. ಆಗ ನೂರಾ ಒಂದು ಎಣಿಸಲಿಲ್ಲ.

"ಯಾಕ? ಏನಾತು?" ಅಂದಪ್ಪ ಸರ್.

"ಇಂಜಿನ್ ದನಿ ಕಟ್ಟೈತ್ರಿ ಸರ್."

"ದನಿ ಕಟ್ಟಾಕ ಅದೇನ್ ಸಂಗೀತ ಹಾಡತೈತೇನು? ಎರಡ ಕಿಲೋಮೀಟರ್ ಐತಿ, ಎಳದ ಬಿಡು!"

ಶೇಖರಮ್ಮ ಕೀಲಿ ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಐವರು ಮಾಸ್ತರರು ಗೂಡ್ಸ್ ಆಟೋದಲ್ಲಿ ಈರುಳ್ಳಿ ಚೀಲಗಳ ಮೇಲೆ ಕೂತು ಶಾಲೆ ಮುಟ್ಟಿದಾಗ ಹತ್ತು ಗಂಟೆ ಹದಿನೆಂಟು ನಿಮಿಷ. ಮೊಬೈಲು ಅವರ ಮುಖಗಳನ್ನು ಗುರುತಿಸಿತು, ಹೊತ್ತನ್ನೂ ಗುರುತಿಸಿತು.

ಮೂವತ್ತು ವರ್ಷದಲ್ಲಿ ಮರ್ದಾನಸಾಬರ ಗ್ಯಾರೇಜಿನ ಗಾಡಿ ಮೊದಲ ಸಲ ರಸ್ತೆಯಲ್ಲಿ ಕುದ್ದು ನಿಂತಿತು. ಅದನ್ನು ನಿಲ್ಲಿಸಿದ ಕೈ ನನ್ನದು. ಕಥೆಯೊಳಗಷ್ಟೇ ಓಡುತ್ತದೆ ಎಂದಿದ್ದರಲ್ಲ? ಅವರು ಹೆಚ್ಚು ಹೊಗಳಿದರು. ಕಥೆಯೊಳಗೂ ಓಡಲಿಲ್ಲ.

ವಿಮರ್ಶಕರು ಯಾರಾದರೂ ಇಲ್ಲಿಯವರೆಗೆ ಓದಿದ್ದರೆ, ಈ ಕುದಿಯುವ ಇಂಜಿನ್ನನ್ನು ತಲೆಮಾರುಗಳ ಸಂಘರ್ಷದ ರೂಪಕ ಎನ್ನಬಹುದು. ರೂಪಕ ಅಲ್ಲ ಸ್ವಾಮಿ, ಹೆಡ್ ಗ್ಯಾಸ್ಕೆಟ್. ಇಂಜಿನ್ನಿನ ತಲೆಗೂ ಒಡಲಿಗೂ ನಡುವಿನ ಆ ತೆಳು ತಗಡು ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಸುಟ್ಟು ಹೋಗಿತ್ತು.

೭

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದದ್ದು ಹನ್ನೆರಡೂವರೆಗೆ. ಉಸ್ತಾದರು ಏನೂ ಕೇಳಲಿಲ್ಲ. ತೋಳು ಮಡಿಚಿದರು. ನಾನೂ ಮಡಿಚಿದೆ. ಇಬ್ಬರೂ ಸೇರಿ ಹೆಡ್ ಇಳಿಸಿದೆವು, ರೇಡಿಯೇಟರ್ ಬಿಚ್ಚಿದೆವು. ನಾಲ್ಕು ತಾಸು, ಪಾನಾದ ನಂಬರುಗಳ ಹೊರತು ಮಾತಿಲ್ಲ. ಶೇಖರಮ್ಮ ಗಿರಾಕಿಗಳ ಕುರ್ಚಿಯಲ್ಲಿ, ತಂತಿಯ ಕೆಳಗೆ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಒಳಗೆ ಮೂರು ಸಂಗತಿ ಕಂಡವು.

ಇಂಜಿನ್ನಿನ ಮೇಲ್ಮುಚ್ಚಳದ ಕೆಳಗೆ ಬೆರಳು ಅದ್ದಿದರೆ ಮೇಲೇಳದಷ್ಟು ದಪ್ಪ ಕರೀ ಅಂಬಲಿ. ಹನ್ನೊಂದು ವರ್ಷ ಚಳಿಯಲ್ಲಿ ಓಡಿದ ಇಂಜಿನ್. ಅಂದರೆ ನಾನು ಹೇಳಿದ್ದು ಸರಿ.

ರೇಡಿಯೇಟರಿನ ಕೊಳವೆಗಳಲ್ಲಿ ಬಿಳಿ ಗಾರೆ. ಲಾಲಬೀಯ ಪಾತ್ರೆಯಲ್ಲಿದ್ದದ್ದೇ, ಗ್ಯಾರೇಜಿನಲ್ಲಿ ನಾವೂ ತುಂಬುವ ಅದೇ ಬೋರಿನ ನೀರಿನದು. ಅರ್ಧಕ್ಕರ್ಧ ಕೊಳವೆ ಮುಚ್ಚಿದ್ದವು. ವಾಲ್ವ್ ಇಲ್ಲದೆ ನೀರು ಭರ್ರನೆ ಸುತ್ತುತ್ತಿದ್ದದ್ದರಿಂದ ಆ ಅರ್ಧ ಕೊಳವೆಯಲ್ಲೇ ಹೇಗೋ ನಡೆಯುತ್ತಿತ್ತು. ನಾನು ವಾಲ್ವ್ ಹಾಕಿ ನೀರಿನ ದಾರಿಯನ್ನು ಇನ್ನಷ್ಟು ಬಿಗಿ ಮಾಡಿದೆ. ಮೊದಲು ರೇಡಿಯೇಟರ್ ತೊಳೆಸಿ ಆಮೇಲೆ ವಾಲ್ವ್ ಹಾಕಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಅದೇ ಗಾರೆಯನ್ನು ಕಣ್ಣಾರೆ ನೋಡಿ ಹ್ಞೂಂ ಎಂದವನು ನಾನು. ಅಂದರೆ ಉತ್ತರ ಗೊತ್ತಿಲ್ಲದೆ ಕೈ ಎತ್ತುವವನು. ಅಂದಪ್ಪ ಸರ್ ಕೂಡ ಸರಿ. ಇದನ್ನು ಬರೆಯುವಾಗ ಪೆನ್ನು ಮುರಿಯಬೇಕು ಅನ್ನಿಸಿತು.

ಮೂರನೆಯದು ಸಿಲಿಂಡರಿನ ಗೋಡೆ. ಉಸ್ತಾದರು ಟಾರ್ಚ್ ಬಿಟ್ಟು ನೋಡಿದರು, ಆಮೇಲೆ ನನ್ನ ಕತ್ತು ಹಿಡಿದು ಬಗ್ಗಿಸಿದರು. ಕಾರ್ಖಾನೆಯಲ್ಲಿ ಹಾಕಿದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ನಾಲ್ಕು ಲಕ್ಷ ಮೂವತ್ತೆಂಟು ಸಾವಿರ, ಅದರ ಮೇಲೆ ಲೆಕ್ಕಕ್ಕಿಲ್ಲದ ಎರಡು ವರ್ಷ. ಆದರೂ ಗೆರೆ ಸವೆದಿರಲಿಲ್ಲ.

"ಮಾಷಾ ಅಲ್ಲಾ," ಎಂದರು ಉಸ್ತಾದರು. ಗಾಡಿ ಬಂದ ಮೇಲೆ, ಪಾನಾದ ನಂಬರು ಬಿಟ್ಟರೆ, ಅವರಾಡಿದ ಮೊದಲ ಮಾತು.

ಇದು ಅವರ ಕೈಗುಣವಲ್ಲ, ನನ್ನ ಓದೂ ಅಲ್ಲ. ಹಳೇ ಕುಪ್ಪಸದ ಬಟ್ಟೆ. ಬೆಳಿಗ್ಗೆ ನೂರಾ ಒಂದು, ಇಳಿದ ಮೇಲೆ ನೂರಾ ಒಂದು. ಏರಿನಲ್ಲಿ ಮಾಸ್ತರರ ಮಾತು ಕೇಳದೆ ತೆಗೆದ ಕೀಲಿ. ಇನ್ನು ಎರಡು ಕಿಲೋಮೀಟರ್ ಎಳೆದಿದ್ದರೆ ಹೆಡ್ ಸೀಳುತ್ತಿತ್ತು, ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು, ಈ ಕಥೆಗೆ ನಿಮಗೆ ಬೇಕಾದಂಥ ಮುಕ್ತಾಯ ಸಿಗುತ್ತಿತ್ತು.

"ಇಂಜಿನ್ ಉಳೀತೇನ್ರಿ ಅಣ್ಣಾರ?" ಶೇಖರಮ್ಮ ಕುರ್ಚಿಯಿಂದಲೇ ಕೇಳಿದರು.

"ನಿನ್ನ ಕಿವಿ ಉಳಿಸ್ಯಾವ ತಂಗಿ. ಗ್ಯಾಸ್ಕೆಟ್ ಹೊಸಾದು ಹಾಕ್ತೀನಿ. ಈ ರೇಡಿಯೇಟರ್ ಗಂಗಾವತಿಗೆ ಹೋಗಿ ತೊಳಿಸ್ಕೊಂಡ್ ಬರಬೇಕು, ಹೆಡ್ ಲೇಥಿಗೆ ಕಳಿಸಬೇಕು. ಸೋಮಾರ ಮುಂಜಾನಿ ನಿನ್ನ ಗಾಡಿ ರಸ್ತೇದ ಮ್ಯಾಲ ಇರ್ತೈತಿ."

"ಗಾಡಿ ಇರ್ತೈತಿ," ಎಂದರು ಶೇಖರಮ್ಮ. "ಮಾಸ್ತರು ಇರ್ತಾರೇನು?"

೮

ಐದೂವರೆಗೆ ಮಾಸ್ತರರು ಬಸ್ಸಿನಿಂದ ಇಳಿದು ಸೀದಾ ಗ್ಯಾರೇಜಿಗೇ ಬಂದರು. ಪ್ಯಾಂಟಿನ ಮೇಲೆ ಈರುಳ್ಳಿ ಸಿಪ್ಪೆ. ಸೋಮವಾರ ನಕ್ಕ ಐವರೂ ಅಲ್ಲೇ, ಲಾಲಬೀಯೂ ಅಲ್ಲೇ. (ಇದನ್ನು ನಾನು ಜೋಡಿಸಿದ್ದಲ್ಲ. ಜೀವನವೇ ಇಷ್ಟು ಅಗ್ಗದ ಕಥೆಗಾರ.)

"ಸಾಬ್ರ, ಒಂದ ಪ್ರಶ್ನಿ," ಎಂದರು ಅಂದಪ್ಪ ಸರ್. "ಶೇಖರಮ್ಮ ಹಾದ್ಯಾಗ ಹೇಳಿದ್ಲು, ನಿನ್ನೆ ಇದಕ್ಕ ವಾಲ್ವ್ ಹಾಕ್ಯಾರಂತ. ಸೋಮವಾರ ನೀವು ಬ್ಯಾಡ ಅಂದಿದ್ರಿ, ನಾವೆಲ್ಲಾ ಕೇಳೀವಿ. ಮತ್ತ ಹಾಕಿದಾಂವ ಯಾರು? ನಿಮ್ಮ ಕೈ ಆದ್ರ ಸರಿ. ಮೂವತ್ತ ವರ್ಷದ ಕೈ, ಒಮ್ಮೆ ತಪ್ಪತೈತಿ, ನಾವು ಇದ ಗಾಡಿ ಹತ್ತತೀವಿ. ಈ ಕಥಿಗಾರನ ಕೈ ಆದ್ರ ಸೋಮಾರದಿಂದ ನಾವು ಬ್ಯಾರೆ ಗಾಡಿ ನೋಡ್ಕೋತೀವಿ. ಕದ್ದು ಕೈ ಹಾಕಾವ್ರು ಇರೋ ಗ್ಯಾರೇಜಿನ ಗಾಡಿ ನಂಬಾಕ ಆಗಂಗಿಲ್ಲ."

ಶೇಖರಮ್ಮ ನನ್ನ ಕಡೆ ನೋಡಲಿಲ್ಲ. ಮುಷ್ಟಿಯೊಳಗಿನ ಕೀಲಿ ನೋಡಿಕೊಂಡರು.

ನಾನು ಬಾಯಿ ತೆರೆಯುವ ಮುಂಚೆ ಉಸ್ತಾದರು ಹೇಳಿದರು:

"ನಾನ ಹಾಕ್ಸಿದ್ದು. ಬುಧವಾರ ಈ ಹುಡುಗಗ ಹೇಳಿ ಹೋಗಿದ್ದೆ, ಹಾಕು ಅಂತ. ರೇಡಿಯೇಟರ್ ನೋಡಬೇಕಿತ್ತು ನಾನು, ನೋಡಲಿಲ್ಲ. ತಪ್ಪು ನಂದು. ವಾಲ್ವ್ ಹಾಕೋದು ಮಾತ್ರ ಬರೊಬ್ಬರಿ. ಸೋಮಾರದಿಂದ ನೋಡ್ರಿ ಗಾಡಿ ಹೆಂಗ ಎಳೀತೈತಿ."

ಅಂದಪ್ಪ ಸರ್ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಹೌದೇನೋ ಹೊನ್ನೂರಾ? ಸಾಬ್ರ ಹೇಳಿದ್ರೇನು ನಿನಗ?"

ನನ್ನ ಕಣ್ಣು ತಂತಿಯ ಮೇಲೆ ಹೋಯಿತು. ಬುಧವಾರ ನಾನು ಬಿಟ್ಟ ಖಾಲಿ ಜಾಗ ಅಲ್ಲಿರಲಿಲ್ಲ. ಯಾರೋ ಅಕ್ಕಪಕ್ಕದ ವಾಲ್ವ್‌ಗಳನ್ನು ಸರಿಸಿ ಸಾಲನ್ನು ಕೂಡಿಸಿದ್ದರು. ಗುರುವಾರವಿಡೀ ನಾನು ಅಲ್ಲೇ ಇದ್ದೆ; ಆ ತಂತಿಗೆ ಯಾರೂ ಕೈ ಹಚ್ಚಿಲ್ಲ. ಅಂದರೆ ಬುಧವಾರ ಸಂಜೆಯೇ, ಬಾಗಿಲು ಹಾಕುವ ಮುಂಚೆ. ಗುರುವಾರ ಗಾಡಿ ರಸ್ತೆಗೆ ಇಳಿಯುವ ಮೊದಲೇ ಉಸ್ತಾದರಿಗೆ ಗೊತ್ತಿತ್ತು. ಬೆಳಿಗ್ಗೆ ಶೇಖರಮ್ಮನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ.

ಯಾಕೆ?

ಅಂತ್ಯ ಒಂದು: ಹುಡುಗ ಸರಿ ಇದ್ದರೂ ಇರಬಹುದು, ಒಮ್ಮೆ ಓಡಲಿ ಎಂದು ಬಿಟ್ಟರು. ಓಡಲಿಲ್ಲ. ಮೂವತ್ತು ವರ್ಷದ ಹೆಸರನ್ನು ತೆಗೆದು ನನ್ನ ತಪ್ಪಿಗೆ ತೇಪೆ ಹಚ್ಚಿದರು. ಹಾಗಿದ್ದರೆ "ಹೌದು ಸರ್" ಎಂದು ನಾನು ಅವರ ಕಾಲು ಮುಟ್ಟಬೇಕು. ಪತ್ರಿಕೆಯವರು ಇದನ್ನು ಅಚ್ಚು ಹಾಕುತ್ತಾರೆ.

ಅಂತ್ಯ ಎರಡು: ಕುದಿಯಲಿ, ಬುದ್ಧಿ ಬರಲಿ ಎಂದು ಬಿಟ್ಟರು. ಈಗ ಹೆಡ್ ಬಿಚ್ಚಿ ಅಂಬಲಿ ನೋಡಿದ ಮೇಲೆ ವಾಲ್ವ್ ಬೇಕೆಂದು ತಿಳಿಯಿತು. ಇಂದು ತಪ್ಪು ನಂದು ಅನ್ನುವವರು, ಸೋಮವಾರ ಗಾಡಿ ಚೆನ್ನಾಗಿ ಎಳೆದಾಗ ವಾಲ್ವ್ ಹಾಕಿಸಿದ್ದು ನಾನು ಅನ್ನುತ್ತಾರೆ. ನನ್ನ ತಪ್ಪಿನ ಜೊತೆ ನನ್ನ ಸರಿಯನ್ನೂ ಜೇಬಿಗೆ ಹಾಕಿಕೊಂಡರು. ಹಾಗಿದ್ದರೆ "ಸುಳ್ಳು ಸರ್, ಹಾಕಿದ್ದು ನಾನು" ಎಂದು ಕೂಗಬೇಕು. ಕೂಗಿದರೆ ಮಾಸ್ತರರು ಇಳಿಯುತ್ತಾರೆ. ಸೋಮವಾರ ಶೇಖರಮ್ಮ ಐದು ಖಾಲಿ ಸೀಟಿಗೆ ನೂರಾ ಒಂದು ಎಣಿಸಬೇಕಾಗುತ್ತದೆ.

ಅಂತ್ಯ ಮೂರು ಎಂದು ಬರೆದು ಅರ್ಧ ಪುಟ ಖಾಲಿ ಬಿಟ್ಟಿದ್ದೆ. ಉಸ್ತಾದರನ್ನೇ ಕೇಳೋಣ ಎಂದು ಕಥೆಯೊಳಗೆ ಕರೆದೆ. "ಉಸ್ತಾದ್ರ, ಖರೇ ಹೇಳ್ರಿ, ಯಾಕ ಸುಮ್ನಿದ್ರಿ ಅವತ್ತ?" ಬರಲಿಲ್ಲ. ಬೈಯಲಿಕ್ಕೆ ಕರೆಯದೆಯೂ ಬರುವವರು, ಇದಕ್ಕೆ ಬರಲಿಲ್ಲ.

"ಕೇಳಾಕ ಹತ್ತೀನಿ ನಿನ್ನ," ಎಂದರು ಅಂದಪ್ಪ ಸರ್. "ಇವತ್ತಾದ್ರೂ ಉತ್ತರ ಗೊತ್ತೈತಲ್ಲ, ಕೈ ಎತ್ತು ನೋಡೂಣು. ಹೌದೋ, ಅಲ್ಲೋ?"

ಐವರೂ ಕಾಯುತ್ತಿದ್ದರು. ಉಸ್ತಾದರು ಗ್ಯಾಸ್ಕೆಟ್ಟಿನ ಸುಟ್ಟ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು. ನೀವೂ ಕಾಯುತ್ತಿದ್ದೀರಿ, ಗೊತ್ತು. ಎಲ್ಲರೂ ಕಾಯಿರಿ. ಇಂಜಿನ್ ಕಾದರೆ ಒಳ್ಳೆಯದೇ.

ನಾನು ಪಾನಾ ಕೆಳಗಿಟ್ಟೆ. ವೇಸ್ಟ್ ನೂಲಿನಿಂದ ಕೈ ಒರೆಸಿಕೊಂಡೆ. ರೇಡಿಯೇಟರನ್ನು ಎರಡೂ ಕೈಯಿಂದ ಎತ್ತಿ ಹೆಗಲಿಗೆ ಏರಿಸಿದೆ; ಉತ್ತರಕ್ಕೆ ಎತ್ತಲು ಬೇರೆ ಕೈ ಉಳಿಯಲಿಲ್ಲ. ಉಳಿದಿದ್ದ ನೀರು ಅಂಗಿಯೊಳಗೆ, ಬೆನ್ನುಗುಂಟ ತಣ್ಣಗೆ ಇಳಿಯಿತು.

"ಲೇ, ಎಲ್ಲಿ ಹೊಂಟಿಯೋ? ಕೇಳಿದ್ದಕ್ಕ ಹೇಳಿ ಹೋಗು!"

ಯಾರು ಕೂಗಿದರೋ ನೋಡಲಿಲ್ಲ. ಗಂಗಾವತಿಯ ಬಸ್ಸು ಆರಕ್ಕೆ. ಲಾಲಬೀಯ ಅಂಗಡಿ ದಾಟಿದೆ, ಪೆಟ್ರೋಲ್ ಬಂಕ್ ದಾಟಿದೆ, ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆ.